ಲೈಸೆನ್ಸ್ ಕಿತ್ತುಕೊಂಡ ಸುದ್ದಿ ಬರೆದೆವು, ಮರಳಿ ಕೊಟ್ಟ ಸುದ್ದಿ ಬರೆಯಲಿಲ್ಲ

ನಮ್ಮ ಗುಂಪಿನಲ್ಲಿ ತಾಲ್ಲೂಕು ವರದಿಗಾರಿಕೆ ಮಾಡುವವರಿಗೆಲ್ಲ ಆ ಪ್ರಕಟಣೆ ಬಾಯಿಪಾಠ. ತಿಂಗಳ ಕೊನೆಗೆ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತದೆ. ಇಷ್ಟು ಪ್ರಕರಣ, ಇಷ್ಟು ಲಕ್ಷ ದಂಡ, ಇಷ್ಟು ಚಾಲನಾ ಪರವಾನಗಿ ಅಮಾನತಿಗೆ ಶಿಫಾರಸು. ಜೊತೆಗೊಂದು ಫೋಟೊ. ನಾವು ಮೇಲೊಂದು ಶೀರ್ಷಿಕೆ ಕೂರಿಸುತ್ತೇವೆ: 'ಸಂಚಾರ ನಿಯಮ ಉಲ್ಲಂಘಿಸುವವರಿಗೆ ಬಿಸಿ'. ಹತ್ತು ನಿಮಿಷದ ಕೆಲಸ. ಮರುದಿನ ಪೇಪರಿನಲ್ಲಿ ಬರುತ್ತದೆ, ಅಲ್ಲಿಗೆ ನಮ್ಮ ಮಟ್ಟಿಗೆ ಆ ಲೈಸೆನ್ಸ್‌ಗಳ ಕಥೆ ಮುಗಿಯುತ್ತದೆ.

ಆ ಲೈಸೆನ್ಸ್‌ಗಳು ಮತ್ತೆ ಯಾರ ಕೈಗೆ ಯಾವಾಗ ಬಂದವು ಎಂದು ನಾವ್ಯಾರೂ ಒಂದು ಸಲವೂ ಬರೆದಿಲ್ಲ. ಫಾಲೋಅಪ್ ಇಲ್ಲದ ಸುದ್ದಿ ಅರ್ಧ ಸುದ್ದಿ ಎಂದು ಕ್ಲಾಸಿನಲ್ಲಿ ನೋಟ್ಸ್ ಬರೆದುಕೊಂಡವರೇ ನಾವು. ನಮಗೆ ಇದು ಹೊಳೆದದ್ದೂ ನಮ್ಮ ಜಾಣತನದಿಂದಲ್ಲ, ಒಂದು ಟೀ ಅಂಗಡಿಯಲ್ಲಿ ಬೈಸಿಕೊಂಡ ಮೇಲೆ.

ಬೈದವರು ಒಬ್ಬ ಗೂಡ್ಸ್ ಗಾಡಿ ಚಾಲಕ. ಹೆಸರು, ಊರು ಬೇಡ ಎಂದಿದ್ದಾರೆ. ಸಾಲ ಮಾಡಿ ತೆಗೆದುಕೊಂಡ ಸಣ್ಣ ಗೂಡ್ಸ್ ಗಾಡಿ. ಬೆಳಿಗ್ಗೆ ಟೊಮೆಟೊ ಬಾಕ್ಸು, ಮಧ್ಯಾಹ್ನ ಸಿಮೆಂಟು, ಮದುವೆ ಸೀಸನ್ನಿನಲ್ಲಿ ಶಾಮಿಯಾನ. ಒಂದು ದಿನ ಪಂಪ್‌ಸೆಟ್‌ನ ಸಾಮಾನು ತರಲು ಅಣ್ಣನ ಬೈಕ್ ತೆಗೆದುಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋದರು. ಹೆಲ್ಮೆಟ್ ಮನೆಯಲ್ಲಿತ್ತು. ಸರ್ಕಲ್‌ನಲ್ಲಿ ಹಿಡಿದರು. 500 ರೂಪಾಯಿ ದಂಡ ಕಟ್ಟಿಸಿಕೊಂಡು, ಡಿಎಲ್ ಕಾರ್ಡ್ ಇಟ್ಟುಕೊಂಡು, ಒಂದು ಚೀಟಿ ಕೊಟ್ಟರು. ದಂಡ ಕಟ್ಟಾಯಿತಲ್ಲ, ಕಾರ್ಡ್ ಎರಡು ದಿನ ಬಿಟ್ಟು ಕೊಡುತ್ತಾರೆ ಎಂದುಕೊಂಡರು. ಎರಡು ದಿನ ಬಿಟ್ಟು ಹೋದಾಗ 'ಅದು ಆರ್‌ಟಿಒಗೆ ಹೋಯ್ತು' ಎಂದರು. ಆರ್‌ಟಿಒ ಕಚೇರಿ ಇರುವುದು ಎರಡು ಬಸ್ ಬದಲಾಯಿಸಿ ಹೋಗಬೇಕಾದ ಊರಿನಲ್ಲಿ. ಅಲ್ಲಿ 'ಇನ್ನೂ ಬಂದಿಲ್ಲ' ಎಂದರು. ಮತ್ತೊಮ್ಮೆ ಹೋದಾಗ 'ನೋಟಿಸ್ ಬರುತ್ತೆ, ಕಾಯಿರಿ'. ಹೊರಗೆ ನಿಂತಿದ್ದ ಏಜೆಂಟ್ ಮಾತ್ರ ಸ್ಪಷ್ಟವಾಗಿ ಮಾತಾಡಿದ: ಇಷ್ಟು ಕೊಡಿ, ನಾನು ನೋಡಿಕೊಳ್ಳುತ್ತೇನೆ.

'ನಿಮ್ಮ ಪೇಪರ್‌ನಲ್ಲಿ ಅಮಾನತು ಅಂತ ಹಾಕಿದ್ರಲ್ಲ, ಅದನ್ನ ವಾಪಸ್ ತಗೊಳ್ಳೋದು ಹೆಂಗೆ ಅಂತ ಹಾಕಿದ್ರಾ?' ಎಂದು ಅವರು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಆಮೇಲೆ ಕೂತು ಕಾಯ್ದೆ ಓದಿದೆವು.

ಓದಿದ ಮೇಲೆ ಮೊದಲು ಆದದ್ದು ಆಶ್ಚರ್ಯ. 1988ರ ಮೋಟಾರು ವಾಹನ ಕಾಯ್ದೆ ನಾವು ಅಂದುಕೊಂಡಷ್ಟು ಕುರುಡಾಗಿಲ್ಲ. 2019ರ ತಿದ್ದುಪಡಿಯ ನಂತರ ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ಬೈಕಿನಲ್ಲಿ ಮೂವರು ಕೂರುವುದು, ಹೆಲ್ಮೆಟ್ ಹಾಕದಿರುವುದು, ಆಂಬುಲೆನ್ಸ್‌ಗೆ ದಾರಿ ಬಿಡದಿರುವುದು ಇಂಥ ಪ್ರಕರಣಗಳಲ್ಲಿ ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಲೈಸೆನ್ಸಿಂಗ್ ಪ್ರಾಧಿಕಾರಕ್ಕೆ, ಅಂದರೆ ನಮ್ಮ ಆರ್‌ಟಿಒಗೆ, ಕಳಿಸಬೇಕು. ಇದು ಸೆಕ್ಷನ್ 206. ಆದರೆ ಅಮಾನತು ಮಾಡುವ ಅಧಿಕಾರ ಪೊಲೀಸರಿಗೆ ಇಲ್ಲ. 2022ರಲ್ಲಿ ಕಲ್ಕತ್ತಾ ಹೈಕೋರ್ಟ್ ಇದನ್ನೇ ಬಿಡಿಸಿ ಹೇಳಿತು: ಪೊಲೀಸರು ವಶಪಡಿಸಿಕೊಳ್ಳಬಹುದು, ಅಮಾನತು ಮಾಡುವುದು ಲೈಸೆನ್ಸಿಂಗ್ ಪ್ರಾಧಿಕಾರ ಮಾತ್ರ. ಆ ಪ್ರಾಧಿಕಾರವೂ ಸುಮ್ಮನೆ ಸೀಲ್ ಒತ್ತುವಂತಿಲ್ಲ. ಸೆಕ್ಷನ್ 19ರ ಪ್ರಕಾರ ಲೈಸೆನ್ಸ್‌ದಾರನ ಮಾತು ಕೇಳಬೇಕು. ಕೇಳಿದ ಮೇಲೆ ಅವನನ್ನು ಏನೂ ಮಾಡದೆ ಬಿಡಬಹುದು, ಅಥವಾ ಕಾರಣಗಳನ್ನು ವಿವರವಾಗಿ ಬರೆದು ಮೊದಲ ತಪ್ಪಿಗೆ 3 ತಿಂಗಳು ಅನರ್ಹಗೊಳಿಸಬಹುದು. ಎರಡನೇ ಸಲವಾದರೆ ಲೈಸೆನ್ಸ್ ರದ್ದು. ರದ್ದಾದವರ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಲೂ ಅವಕಾಶವಿದೆ.

ಅಂದರೆ ನಮ್ಮ ಗೂಡ್ಸ್ ಗಾಡಿಯವರಿಗೆ ಬಾಯಿಬಿಟ್ಟು ಮಾತಾಡುವ ಹಕ್ಕು ಇತ್ತು. ಅದು ಇದೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಪೊಲೀಸರು ಹೇಳಲಿಲ್ಲ, ಕಚೇರಿ ಹೇಳಲಿಲ್ಲ, ಏಜೆಂಟ್ ಯಾಕೆ ಹೇಳುತ್ತಾನೆ, ನಾವೂ ಹೇಳಲಿಲ್ಲ.

ಇನ್ನೊಂದು ಮಾತು ಆ ಸೆಕ್ಷನ್‌ನಲ್ಲೇ ಇದೆ. ಲೈಸೆನ್ಸ್‌ನಲ್ಲಿರುವ 'ಎಲ್ಲ ಅಥವಾ ಯಾವುದೇ ವರ್ಗದ' ವಾಹನ ಓಡಿಸುವುದರಿಂದ ಅನರ್ಹಗೊಳಿಸಬಹುದು ಎನ್ನುತ್ತದೆ ಕಾನೂನು. ನಮ್ಮ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಹೆಲ್ಮೆಟ್ ಹಾಕದೆ ಬೈಕ್ ಓಡಿಸಿದವನನ್ನು ಮೂರು ತಿಂಗಳು ಬೈಕಿನಿಂದ ಮಾತ್ರ ದೂರ ಇಡಲು ಅಧಿಕಾರಿಗೆ ದಾರಿ ಇದೆ. ಅವನು ಹೊಟ್ಟೆಪಾಡಿಗೆ ಓಡಿಸುವ ನಾಲ್ಕು ಚಕ್ರದ ಗಾಡಿಯ ಸ್ಟೀರಿಂಗ್ ಹಿಂದೆ ಹೆಲ್ಮೆಟ್‌ನ ಪ್ರಶ್ನೆಯೇ ಬರುವುದಿಲ್ಲವಲ್ಲ. ಆದರೆ ಕಾರ್ಡ್ ಒಂದೇ. ಬೈಕಿಗೂ ಅದೇ, ಗೂಡ್ಸ್‌ಗೂ ಅದೇ, ಟ್ರ್ಯಾಕ್ಟರ್‌ಗೂ ಅದೇ. ಕಾರ್ಡ್ ಹೋದರೆ ಎಲ್ಲವೂ ಹೋದಂತೆ. ನಗರದಲ್ಲಿ ಬೈಕಿನ ತಪ್ಪಿಗೆ ಲೈಸೆನ್ಸ್ ಕಳೆದುಕೊಂಡ ಗುಮಾಸ್ತರು ಬಸ್ಸಿನಲ್ಲೋ ಮೆಟ್ರೊದಲ್ಲೋ ಕಚೇರಿಗೆ ಹೋಗಿ ಸಂಬಳ ತರುತ್ತಾರೆ. ಅದೇ ತಪ್ಪಿಗೆ ಇಲ್ಲಿ ಒಂದು ಮನೆಯ ಮೂರು ಕಂತು ನಿಂತುಹೋಗುತ್ತದೆ. ಶಿಕ್ಷೆಯ ಅವಧಿ ಇಬ್ಬರಿಗೂ ಮೂರು ತಿಂಗಳೇ.

ಅದೂ ನಿಜವಾಗಿ ಮೂರು ತಿಂಗಳಲ್ಲ. ಪೊಲೀಸರು ಕೊಡುವ ತಾತ್ಕಾಲಿಕ ಚೀಟಿ ಇದೆಯಲ್ಲ, ಅದನ್ನು ಇಟ್ಟುಕೊಂಡು ಗಾಡಿ ಓಡಿಸುವಂತಿಲ್ಲ ಎಂದು 2019ರ ತಿದ್ದುಪಡಿ ನೇರವಾಗಿ ಹೇಳುತ್ತದೆ. ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಮಂದಿ ಆ ಚೀಟಿಯನ್ನೇ ಲೈಸೆನ್ಸ್ ಎಂದು ನಂಬಿ ಜೇಬಿನಲ್ಲಿಟ್ಟು ಓಡಾಡುತ್ತಾರೆ (ನಮ್ಮಲ್ಲೊಬ್ಬನೂ ಹಾಗೇ ನಂಬಿದ್ದ). ಕಾರ್ಡ್ ಠಾಣೆಯಿಂದ ಆರ್‌ಟಿಒಗೆ ಹೋಗಿ, ನೋಟಿಸ್ ಹೊರಟು, ಅದು ಲೈಸೆನ್ಸ್‌ನಲ್ಲಿರುವ ಹಳೇ ವಿಳಾಸಕ್ಕೆ ತಲುಪಿ, ವಿಚಾರಣೆ ನಡೆದು, ಆದೇಶ ಆಗುವವರೆಗಿನ ವಾರಗಳು ಯಾವ ಲೆಕ್ಕಕ್ಕೆ? ಆದೇಶದಲ್ಲಿ ಆ ದಿನಗಳನ್ನು ಹಿಡಿಯದೇ ಹೋದರೆ ಮೂರು ತಿಂಗಳ ಶಿಕ್ಷೆ ನಾಲ್ಕೋ ಐದೋ ಆಗುತ್ತದೆ. ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಕೇಳುವ ಮೊದಲೇ ಶುರುವಾದ ಶಿಕ್ಷೆ ಅದು. ಕೆಲಸಕ್ಕೆಂದು ಬೆಂಗಳೂರಿಗೋ ಪುಣೆಗೋ ಹೋದವರ ಮನೆಗೆ ನೋಟಿಸ್ ಬಂದರೆ ಅದನ್ನು ಓದುವವರು ಯಾರು? ಅಜ್ಜಿ ಅದನ್ನು ರೇಷನ್ ಕಾರ್ಡಿನ ಜೊತೆ ಡಬ್ಬದಲ್ಲಿ ಇಟ್ಟಿರುತ್ತಾರೆ.

ಇನ್ನು ಅವಧಿ ಮುಗಿದ ಮೇಲೆ. ಮೂರು ತಿಂಗಳಾದ ಮಾರನೆಯ ದಿನ ಕಾರ್ಡ್ ತಾನಾಗೇ ಕೈಗೆ ಬರುತ್ತದೆ ಎಂದು ನಾವೂ ತಿಳಿದಿದ್ದೆವು. ಇಲ್ಲ. ಚಾಲಕರ ಪುನಶ್ಚೇತನ ತರಬೇತಿಯನ್ನು ಯಶಸ್ವಿಯಾಗಿ ಮುಗಿಸಿದರೆ ಮಾತ್ರ ಲೈಸೆನ್ಸ್ ಹಿಂತಿರುಗಿಸಬೇಕು ಎಂದು 2019ರಲ್ಲಿ ಸೇರಿಸಿದ್ದಾರೆ. ಪರವಾನಗಿ ಪಡೆದ ಡ್ರೈವಿಂಗ್ ಸ್ಕೂಲ್‌ನಲ್ಲೋ ಸರ್ಕಾರ ಗುರುತಿಸಿದ ಬೇರೆ ಸಂಸ್ಥೆಯಲ್ಲೋ ಅದನ್ನು ಮಾಡಬೇಕು. ಒಳ್ಳೆಯ ವಿಚಾರ, ನಮ್ಮ ತಕರಾರಿಲ್ಲ. ಕಾಯ್ದೆಯಲ್ಲಿ ಚಾಲಕನಿಗೆ ಏನಾದರೂ ಕಲಿಸುವ ಮಾತಾಡುವ ಜಾಗಗಳಲ್ಲಿ ಇದೂ ಒಂದು. ಆದರೆ ನಾವು ತಾಲ್ಲೂಕು ಕೇಂದ್ರದ ಡ್ರೈವಿಂಗ್ ಸ್ಕೂಲ್ ಒಂದಕ್ಕೆ ಹೋಗಿ ಈ ಕೋರ್ಸ್ ಕೇಳಿದಾಗ ಅಲ್ಲಿದ್ದವರು ನಮ್ಮನ್ನೇ ವಿಚಿತ್ರವಾಗಿ ನೋಡಿದರು. 'ಅಂಥದ್ದು ಯಾರೂ ಕೇಳಿಲ್ಲ ಸರ್, ಹೊಸ ಎಲ್‌ಎಲ್ ಬೇಕಾದ್ರೆ ಹೇಳಿ' ಎಂದರು. ಯಾರೂ ಕೇಳಿಲ್ಲವಂತೆ. ಆ ತಾಲ್ಲೂಕಿನಲ್ಲಿ ಅಮಾನತಾದವರ ಸುದ್ದಿಯನ್ನು ನಾವೇ ವರ್ಷದಲ್ಲಿ ಹಲವು ಸಲ ಬರೆದಿದ್ದೇವೆ. ಹಾಗಾದರೆ ಅವರೆಲ್ಲ ಎಲ್ಲಿ ಹೋದರು?

ಎಲ್ಲೂ ಹೋಗಿಲ್ಲ, ಗಾಡಿ ಓಡಿಸುತ್ತಲೇ ಇದ್ದಾರೆ. ಲೈಸೆನ್ಸ್ ಇಲ್ಲದೆ.

ನಮ್ಮ ಗೂಡ್ಸ್ ಗಾಡಿಯವರೂ ಓಡಿಸಿದರು. ಹತ್ತು ದಿನ ಗಾಡಿ ನಿಲ್ಲಿಸಿದ್ದರಂತೆ. ಹನ್ನೊಂದನೇ ದಿನ ಟೊಮೆಟೊ ಬೆಳೆದವರು ಮನೆ ಮುಂದೆ ಬಂದು ನಿಂತರು. ಆಮೇಲೆ ಮುಖ್ಯರಸ್ತೆ ಬಿಟ್ಟು ಕೆರೆ ಏರಿ ಮೇಲೆ, ಪೊಲೀಸರು ಇರದ ಹೊತ್ತು ನೋಡಿಕೊಂಡು, ನಸುಕಿನ ನಾಲ್ಕಕ್ಕೆ ಹೊರಡಲು ಶುರುಮಾಡಿದರು. ಶಿಕ್ಷೆಯಿಂದ ಅವರ ಚಾಲನೆ ಸುಧಾರಿಸಿತೇ ಎಂದು ಕೇಳಿದರೆ, ಮೊದಲಿಗಿಂತ ಕತ್ತಲಲ್ಲಿ, ಮೊದಲಿಗಿಂತ ಇಕ್ಕಟ್ಟಿನ ದಾರಿಯಲ್ಲಿ, ಮೊದಲಿಗಿಂತ ಅವಸರದಲ್ಲಿ ಓಡಿಸಿದರು ಎನ್ನಬೇಕು.

ಇದರಲ್ಲಿರುವ ಅಪಾಯ ಅವರಿಗೆ ಗೊತ್ತಿರಲಿಲ್ಲ. ಅನರ್ಹಗೊಂಡ ಅವಧಿಯಲ್ಲಿ ಗಾಡಿ ಓಡಿಸಿದರೆ ಸೆಕ್ಷನ್ 182ರ ಪ್ರಕಾರ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಅದಕ್ಕಿಂತ ದೊಡ್ಡದು ವಿಮೆ. ಅನರ್ಹಗೊಂಡವನು ಓಡಿಸುತ್ತಿದ್ದ ಎನ್ನುವುದು ವಿಮಾ ಕಂಪನಿಗೆ ಕಾನೂನೇ ಕೊಟ್ಟಿರುವ ತಕರಾರು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ದಾರಿಯಂತೆ, ಇಂಥ ಪ್ರಕರಣಗಳಲ್ಲಿ ಕಂಪನಿಯೇ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡುವಂತೆ ಆದೇಶಿಸಬಹುದು. ಮಾಲೀಕ ಅಂದರೆ ಯಾರು? ಕಂತು ಕಟ್ಟಲಾಗದೆ ಕತ್ತಲಲ್ಲಿ ಗಾಡಿ ತೆಗೆದ ಇದೇ ಮನುಷ್ಯ. 500 ರೂಪಾಯಿಯ ಹೆಲ್ಮೆಟ್ ಕೇಸು ಎರಡು ಎಕರೆ ಜಮೀನಿನ ಮೇಲೆ ಬಂದು ಕೂರುವುದು ಹೀಗೆ.

ಕಾನೂನಿನಲ್ಲಿ ನಮಗೆ ಕಂಡ ಇನ್ನೊಂದು ಸೊಟ್ಟ. ಲೈಸೆನ್ಸೇ ಮಾಡಿಸದೆ ಓಡಿಸುವವನಿಗೆ ಕಾಯ್ದೆಯಲ್ಲಿರುವ ದಂಡ 5,000. ಲೈಸೆನ್ಸ್ ಮಾಡಿಸಿ, ಅದು ಅಮಾನತಾದ ಮೇಲೆ ಓಡಿಸಿದವನಿಗೆ 10,000. ಆದೇಶ ಮೀರಿದ್ದಕ್ಕೆ ಹೆಚ್ಚು ದಂಡ ಎನ್ನುವ ತರ್ಕ ಅರ್ಥವಾಗುತ್ತದೆ. ಆದರೆ ಊರಿನ ಹುಡುಗರು ಇದನ್ನು ಬೇರೆ ಥರ ಓದುತ್ತಾರೆ. ಹದಿನೆಂಟು ತುಂಬಿದರೂ ಡಿಎಲ್ ಮಾಡಿಸದ ನಮ್ಮೂರಿನ ಒಬ್ಬ ಹೇಳಿದ್ದು: 'ಇದ್ರೆ ತಾನೇ ಕಿತ್ಕೊಳ್ಳೋದು?'

ಇಷ್ಟು ಬರೆದಾಗ ಓದುಗರಲ್ಲಿ ಕೆಲವರು ಸಿಟ್ಟಾಗುತ್ತಾರೆ ಎಂದು ಗೊತ್ತು. ತಪ್ಪು ಮಾಡಿದವರ ಪರ ವಕಾಲತ್ತು ಯಾಕೆ ಎಂದು. ಈ ಸಿಟ್ಟು ನಮ್ಮಲ್ಲೂ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅದರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ನಮ್ಮ ಬ್ಯಾಚಿನವರು ವರದಿಗಾರಿಕೆಯಲ್ಲಿ ಮೊದಲು ಕಲಿತದ್ದು ಸಾವಿನ ಸುದ್ದಿಗೆ ಹೆಸರು, ವಯಸ್ಸು ಕೇಳುವುದನ್ನು. ಅದರಲ್ಲಿ ಬಹುಪಾಲು ರಸ್ತೆ ಸಾವುಗಳೇ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಹಣ್ಣು–ತರಕಾರಿ ವ್ಯಾಪಾರಿಗಳು ತಮ್ಮ ಸರಕಿನ ಜೊತೆಗೇ ಲಾರಿಯಲ್ಲಿ ಕೂತಿದ್ದರು. ಯಲ್ಲಾಪುರದ ಬಳಿ ಲಾರಿ ಉರುಳಿ ಕನಿಷ್ಠ 10 ಮಂದಿ ಸತ್ತರು. ಸರಕು ಗಾಡಿಯಲ್ಲಿ ಜನರನ್ನು ತುಂಬುವುದು ಲೈಸೆನ್ಸ್ ಅಮಾನತಿಗೆ ಕಾರಣವಾಗುವ ತಪ್ಪು. 2015ರಲ್ಲೇ ಸುಪ್ರೀಂ ಕೋರ್ಟ್‌ನ ರಸ್ತೆ ಸುರಕ್ಷತಾ ಸಮಿತಿ ಅತಿವೇಗ, ಸಿಗ್ನಲ್ ಜಂಪ್, ಓವರ್‌ಲೋಡ್, ಚಾಲನೆಯಲ್ಲಿ ಮೊಬೈಲ್, ಕುಡಿದು ಚಾಲನೆ ಇವುಗಳ ಜೊತೆಗೆ ಇದನ್ನೂ ಸೇರಿಸಿ ಕನಿಷ್ಠ 3 ತಿಂಗಳು ಅಮಾನತು ಮಾಡಿ ಎಂದು ರಾಜ್ಯಗಳಿಗೆ ಸೂಚಿಸಿತ್ತು. ಮಾಡಲೇಬೇಕು. ಕೂಲಿಗೆ ಹೋಗುವ ಹೆಂಗಸರನ್ನು ಗೂಡ್ಸ್ ಗಾಡಿಯಲ್ಲಿ ಕುರಿ ತುಂಬಿದಂತೆ ತುಂಬುವ ಚಾಲಕ ನಮ್ಮೂರಿನವನೇ ಆದರೂ ಅವನ ಲೈಸೆನ್ಸ್ ಹೋಗಲಿ ಎನ್ನುತ್ತೇವೆ. (ಹೊಲದ ಹೊತ್ತಿಗೆ ಆ ದಾರಿಯಲ್ಲಿ ಬಸ್ ಯಾಕಿಲ್ಲ ಎಂಬುದು ಇನ್ನೊಂದು ಲೇಖನ.) ಕುಡಿದು ಓಡಿಸುವವರ ವಿಷಯದಲ್ಲಂತೂ ನಮ್ಮಲ್ಲಿ ಎರಡು ಮಾತಿಲ್ಲ. ಅಲ್ಲಿ ಕೋರ್ಟ್ ಶಿಕ್ಷೆ ವಿಧಿಸಿದರೆ ಕನಿಷ್ಠ 6 ತಿಂಗಳ ಅನರ್ಹತೆ ಕಡ್ಡಾಯ, ಅದು ಇರಲಿ.

ನಮ್ಮ ವಾದ ಅಮಾನತಿನ ವಿರುದ್ಧ ಅಲ್ಲ. ಅಮಾನತಿಗೆ ಒಂದು ಕೊನೆ ಇರಬೇಕು, ಆ ಕೊನೆಗೆ ಹೋಗುವ ದಾರಿ ಹಳ್ಳಿಯವನಿಗೂ ಕಾಣಬೇಕು ಎಂಬುದು. ಕೊನೆ ಕಾಣದ ಶಿಕ್ಷೆಯನ್ನು ಯಾರೂ ಪಾಲಿಸುವುದಿಲ್ಲ. ಮೂರು ತಿಂಗಳು, ಇಂಥ ತಾರೀಕಿಗೆ ಮುಗಿಯುತ್ತದೆ, ಇಂಥಲ್ಲಿ ತರಬೇತಿ, ಇಂಥ ದಿನ ಕಾರ್ಡ್ ಎಂದು ಗೊತ್ತಿದ್ದರೆ ಗಾಡಿಗೆ ತಾತ್ಕಾಲಿಕವಾಗಿ ಬೇರೆ ಚಾಲಕನನ್ನು ಇಟ್ಟುಕೊಂಡಾದರೂ ಕಾಯುತ್ತಿದ್ದೆ ಎಂದರು ನಮ್ಮ ಚಾಲಕರು. ನಾವು ಅದನ್ನು ನಂಬುತ್ತೇವೆ. ಗೊತ್ತಿಲ್ಲದೆ ಇದ್ದಾಗ ಉಳಿಯುವುದು ಎರಡೇ: ಏಜೆಂಟ್ ಅಥವಾ ಕೆರೆ ಏರಿ.

ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ಪೊಲೀಸರು ಕೊಡುವ ಚೀಟಿಯ ಹಿಂಬದಿ ಖಾಲಿ ಇರುತ್ತದೆ; ಅಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿದರೆ ಸಾಕು, ಇದನ್ನಿಟ್ಟುಕೊಂಡು ಓಡಿಸುವಂತಿಲ್ಲ, ನಿಮ್ಮ ಮಾತು ಕೇಳುವುದು ಇಂಥ ಕಚೇರಿ ಎಂದು. ವಿಚಾರಣೆಯನ್ನು ತಿಂಗಳಿಗೊಂದು ದಿನ ತಾಲ್ಲೂಕಿಗೇ ಬಂದು ಮಾಡಬಹುದು. ಎಲ್‌ಎಲ್, ಡಿಎಲ್ ಕೊಡಲು ಆರ್‌ಟಿಒ ಅಧಿಕಾರಿಗಳು ತಾಲ್ಲೂಕುಗಳಲ್ಲಿ ಕ್ಯಾಂಪ್ ಮಾಡುತ್ತಾರಲ್ಲ, ಕೊಡಲು ಬರುವವರು ಕಿತ್ತುಕೊಂಡದ್ದರ ಬಗ್ಗೆ ಕೇಳಲೂ ಬರಬಹುದು. ತರಬೇತಿಯನ್ನೂ ಅದೇ ದಿನ ಅಲ್ಲೇ ಇಡಲಿ. ಬೈಕಿನ ತಪ್ಪಿಗೆ ಬೈಕಿನ ವರ್ಗವನ್ನಷ್ಟೇ ತಡೆಯುವ ಆದೇಶ ಹೊರಡಿಸುವ ಧೈರ್ಯವನ್ನು ಮೇಲಧಿಕಾರಿಗಳು ಒಂದು ಸುತ್ತೋಲೆಯಿಂದ ಕೊಡಬಹುದು. 2020ರ ಅಕ್ಟೋಬರ್‌ನಲ್ಲಿ ಹೆಲ್ಮೆಟ್ ಹಾಕದವರ ಲೈಸೆನ್ಸ್ 3 ತಿಂಗಳು ಅಮಾನತು ಮಾಡಿ ಎಂದು ನಮ್ಮ ರಾಜ್ಯದ ಸಾರಿಗೆ ಇಲಾಖೆ ಆದೇಶ ಹೊರಡಿಸಿದ್ದೂ ಹಾಗೆಯೇ ತಾನೆ.

ಅಲ್ಲಿಯವರೆಗೆ, ಯಾರಾದರೂ ಈ ಸ್ಥಿತಿಯಲ್ಲಿದ್ದರೆ ನಾವು ಓದಿ ತಿಳಿದದ್ದನ್ನು ಹೇಳಿಬಿಡುತ್ತೇವೆ. ಕಾರ್ಡ್ ತೆಗೆದುಕೊಂಡರೆ ಚೀಟಿ ಕೇಳಿ ಪಡೆಯಿರಿ, ತಾರೀಕು ನೋಡಿ. ದಂಡ ಕಟ್ಟಿದರೆ ಕೇಸು ಮುಗಿಯಿತು, ಲೈಸೆನ್ಸ್ ವಿಷಯ ಮುಗಿಯಲಿಲ್ಲ. ನೋಟಿಸ್ ಬಂದರೆ ಹೋಗಲೇಬೇಕು. ಹೋಗುವಾಗ ಒಂದು ಹಾಳೆಯಲ್ಲಿ ನಿಮ್ಮ ಮಾತು ಬರೆದುಕೊಂಡು ಹೋಗಿ, ಮೊದಲ ತಪ್ಪು ಎಂಬುದು, ಯಾವ ಗಾಡಿಯಲ್ಲಿ ಜೀವನ ನಡೆಯುತ್ತದೆ ಎಂಬುದು, ಕಾರ್ಡ್ ಯಾವ ದಿನದಿಂದ ಕೈಯಲ್ಲಿಲ್ಲ ಎಂಬುದು ಅದರಲ್ಲಿರಲಿ. ಸ್ವೀಕೃತಿ ಹಾಕಿಸಿಕೊಳ್ಳಿ. ಆದೇಶದ ಪ್ರತಿ ಕೇಳಿ. ಅದು ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅವಧಿ ಉದ್ದವಾಗಿದ್ದರೆ ಸೆಕ್ಷನ್ 23 ಎಂಬುದೊಂದಿದೆ: ಆದೇಶವಾಗಿ 6 ತಿಂಗಳಾದ ಮೇಲೆ, ಆದೇಶ ಮಾಡಿದ ಕೋರ್ಟ್ ಅಥವಾ ಪ್ರಾಧಿಕಾರಕ್ಕೇ ಅನರ್ಹತೆ ತೆಗೆಯಿರಿ ಅಥವಾ ಬದಲಿಸಿ ಎಂದು ಅರ್ಜಿ ಕೊಡಬಹುದು. ಮೊದಲನೆಯದು ಆಗದಿದ್ದರೆ ಇನ್ನೊಂದು ಅರ್ಜಿಗೆ ಮತ್ತೆ 3 ತಿಂಗಳು ಕಾಯಬೇಕು. ಈ ಸೆಕ್ಷನ್‌ನ ಹೆಸರನ್ನು ನಾವು ಭೇಟಿ ಮಾಡಿದ ಒಬ್ಬ ಚಾಲಕನೂ ಕೇಳಿರಲಿಲ್ಲ. ಅವಧಿ ಮುಗಿಯುವ ಮೊದಲೇ ತರಬೇತಿ ಎಲ್ಲಿ ಎಂದು ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಕಾರ್ಡ್ ಕೈಗೆ ಬಂದರೂ ಸಾರಥಿ ಪೋರ್ಟಲ್‌ನಲ್ಲಿ ನಿಮ್ಮ ಡಿಎಲ್ ಸ್ಥಿತಿ ಸರಿಯಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಈಗ ದಾರಿಯಲ್ಲಿ ಹಿಡಿಯುವವರು ಕಾರ್ಡ್ ನೋಡುವುದಕ್ಕಿಂತ ಮೊಬೈಲ್‌ನಲ್ಲಿ ನಂಬರ್ ಹಾಕಿ ನೋಡುವುದೇ ಹೆಚ್ಚು.

ನಮ್ಮ ಗೂಡ್ಸ್ ಗಾಡಿಯವರು ಕೊನೆಗೆ ಇದರಲ್ಲಿ ಅರ್ಧವನ್ನು ಮಾಡಿದರು. ಅರ್ಜಿ ನಾವು ಬರೆದುಕೊಟ್ಟೆವು, ಅವರು ಮೂರನೇ ಸಲ ಎರಡು ಬಸ್ ಹತ್ತಿ ಹೋಗಿ ಕೊಟ್ಟುಬಂದರು. ಸ್ವೀಕೃತಿ ಹಾಕಲು ಮೊದಲು ಒಪ್ಪಲಿಲ್ಲವಂತೆ, ಆಮೇಲೆ ಹಾಕಿದರಂತೆ. ತರಬೇತಿಗೆ ಕರೆಯುತ್ತೇವೆ ಎಂದಿದ್ದಾರೆ. ಈ ಲೇಖನ ಬರೆಯುವ ಹೊತ್ತಿಗೆ ಕರೆ ಬಂದಿಲ್ಲ. ಹೆಲ್ಮೆಟ್ ಮಾತ್ರ ಈಗ ಗಾಡಿಯ ಸೀಟಿನ ಹಿಂದೆಯೇ ಇರುತ್ತದೆ, ಬೈಕ್ ಹತ್ತದ ದಿನವೂ.

ನಾವು ಮಾಡಿದ ಇನ್ನೊಂದು ಕೆಲಸ: ಮಾಹಿತಿ ಹಕ್ಕಿನ ಅಡಿಯಲ್ಲಿ ನಮ್ಮ ನಮ್ಮ ಜಿಲ್ಲೆಗಳ ಸಾರಿಗೆ ಕಚೇರಿಗಳಿಗೆ ಅರ್ಜಿ ಹಾಕಿದ್ದೇವೆ. ಕಳೆದ ಮೂರು ವರ್ಷದಲ್ಲಿ ಎಷ್ಟು ಲೈಸೆನ್ಸ್ ಅಮಾನತಾದವು, ಎಷ್ಟು ಜನರ ವಿಚಾರಣೆ ನಡೆಯಿತು, ಎಷ್ಟು ಜನ ತರಬೇತಿ ಮುಗಿಸಿದರು, ಎಷ್ಟು ಕಾರ್ಡ್ ಮರಳಿ ಕೊಟ್ಟಿರಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು ಎಂದಿರುವುದರಿಂದ ಇಷ್ಟನ್ನೇ ಕೇಳಿದ್ದೇವೆ. ಉತ್ತರಕ್ಕೆ 30 ದಿನ ಗಡುವು. ಬಂದದ್ದನ್ನು ಬಂದ ಹಾಗೇ ಇಲ್ಲಿ ಹಾಕುತ್ತೇವೆ. ನಿಮ್ಮ ಮನೆಯಲ್ಲೂ ಡಬ್ಬದೊಳಗೆ ಇಂಥ ನೋಟಿಸ್ ಇದ್ದರೆ ಅದರ ಮೇಲಿನ ತಾರೀಕನ್ನು ಮೊದಲು ನೋಡಿ, ಆಮೇಲೆ ನಮಗೆ ಬರೆಯಿರಿ.